ಮಣ್ಣಿನ ಅಂಕಿತ

ನಾನು ವಾಸವಾಗಿರುವ ಊರಿನ ಹೆಸರು ಹ್ಯಾಂಡ್‌ಪೋಸ್ಟ್. ದಾರಿ ಕವಲೊಡೆಯುವ ಎಡೆಯಲ್ಲಿ ನಿಂತು, 'ಇತ್ತ ಹೋದರೆ ಈ ಊರು, ಅತ್ತ ಹೋದರೆ ಆ ಊರು' ಎಂದು ತೋರಿಸುವ ಕೈಮರಕ್ಕೆ ಇಂಗ್ಲಿಷಿನಲ್ಲಿ ಆ ಹೆಸರು. ಮೈಸೂರಿನಿಂದ ಬಂದ ಬಸ್ಸು ಇಲ್ಲಿ ಒಂದಷ್ಟು ಜನರನ್ನು ಇಳಿಸಿ, ಹೆಗ್ಗಡದೇವನಕೋಟೆಗೋ ಸರಗೂರಿಗೋ ಹೋಗತಕ್ಕವರನ್ನು ಹತ್ತಿಸಿಕೊಂಡು ಮುಂದೆ ಸಾಗುತ್ತದೆ. ಅನ್ಯ ಊರುಗಳ ಹೆಸರನ್ನು ಹೇಳುವುದಕ್ಕೆಂದೇ ಹುಟ್ಟಿದ ವಸ್ತುವಿನ ಹೆಸರನ್ನು ತನ್ನದಾಗಿ ಮಾಡಿಕೊಂಡ ಊರು ಇದು. ಹೆಸರು ಎಂಬ ವಿಷಯವನ್ನು ಕುರಿತು ಯೋಚಿಸುವುದಕ್ಕೆ ಇಂಥ ಊರು ಕೆಟ್ಟ ಸ್ಥಳವೇನೂ ಅಲ್ಲ.

ಆದರೆ ಆ ಯೋಚನೆಗೆ ನನ್ನನ್ನು ಹಚ್ಚಿದವಳು ನನ್ನ ಒಬ್ಬ ವಿದ್ಯಾರ್ಥಿನಿ. ಬಿ.ಎ. ಎರಡನೆಯ ವರ್ಷದ ತರಗತಿಯಲ್ಲಿ ಒಂದು ದಿನ ಅಂಕಿತದ ವಿಚಾರ ಹೇಳುತ್ತಿದ್ದೆ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ, ಕನಕದಾಸರದು ಕಾಗಿನೆಲೆಯಾದಿಕೇಶವ. ದೇವರ ಹೆಸರಿನೊಡನೆ ಒಂದು ಊರಿನ ಹೆಸರೂ ಅಲ್ಲಿ ಬಂದು ಕುಳಿತಿದೆ. ಅಂಕಿತವೆಂದರೆ ಕವಿಯ ಗುರುತು ಮಾತ್ರವಲ್ಲ, ಅದು ಸಾಕ್ಷಿ. 'ನಾನು ಆಡಿದ ಮಾತಿಗೆ ಇವನು ಸಾಕ್ಷಿ, ಈ ನೆಲ ಸಾಕ್ಷಿ' ಎಂದು ಹೇಳಿದ ಮೇಲೆ ಮಾತನ್ನು ಹಗುರವಾಗಿ ಆಡುವ ಹಾಗಿಲ್ಲ. ಇಷ್ಟು ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಮೇಷ್ಟರ ಚಪಲ, ಒಂದು ಹೋಲಿಕೆ ಕೊಟ್ಟೆ. ಫ್ರಾನ್ಸ್ ದೇಶದಲ್ಲಿ ದ್ರಾಕ್ಷಿಯ ಕೆಂಪು ಮದ್ಯದ ಸೀಸೆಯ ಮೇಲೆ ಹಣ್ಣಿನ ಹೆಸರಿಗಿಂತ ದೊಡ್ಡದಾಗಿ ಊರಿನ ಹೆಸರನ್ನು ಬರೆಯುತ್ತಾರೆ. ಅದು ಆ ಮಣ್ಣಿನ ಅಂಕಿತ ಎಂದೆ. ಹುಡುಗರು ಮುಸಿಮುಸಿ ನಕ್ಕರು. ಹಿಂದಿನ ಬೆಂಚಿನ ಆ ಹುಡುಗಿ ಮಾತ್ರ ನಗದೆ ಎದ್ದು ನಿಂತು, "ಸಾರ್, ನಮ್ಮಪ್ಪ ಬೆಳೆಯೋ ಹೊಗೆಸೊಪ್ಪಿಗೆ ಯಾರ ಅಂಕಿತ?" ಎಂದು ಕೇಳಿದಳು.

ಗಂಟೆ ಹೊಡೆದದ್ದು ನನ್ನ ಪುಣ್ಯ. ಆ ದಿನ ಕೊಡಲಾಗದ ಉತ್ತರವನ್ನು ಈಗ ಹುಡುಕುತ್ತಿದ್ದೇನೆ.

ಮೊದಲು ಆ ಹೋಲಿಕೆಯನ್ನೇ ಪರೀಕ್ಷಿಸೋಣ. ಬೋರ್ಡೊ ಸೀಮೆಯಲ್ಲಿ, ದೋರ್ದೋಞ್ ನದಿಯ ಬಲದಂಡೆಯ ಲಿಬೂರ್ನ್ ಪಟ್ಟಣದ ಪಕ್ಕದಲ್ಲಿ, ಪೊಮೆರೋಲ್ ಎಂಬ ಚಿಕ್ಕ ಊರಿದೆ. ಅದರ ದ್ರಾಕ್ಷಿತೋಟಗಳೆಲ್ಲ ಸೇರಿದರೆ ಸುಮಾರು 800 ಹೆಕ್ಟೇರು; ನಮ್ಮ ಕಡೆಯ ಎರಡು ಮೂರು ಹಳ್ಳಿಗಳ ಹೊಲದಷ್ಟು. ಆ ಹೆಸರಿನಲ್ಲಿ ಕೆಂಪು ಮದ್ಯವನ್ನಲ್ಲದೆ ಬೇರೆಯದನ್ನು ಮಾಡುವಂತಿಲ್ಲ. ತೋಟದ ಮನೆಗೆ ಅಲ್ಲಿಯವರು 'ಶಾತೊ' ಎನ್ನುತ್ತಾರೆ. ಶಾತೊ ಎಂದರೆ ಕೋಟೆ, ಅರಮನೆ. ಪೊಮೆರೋಲಿನಲ್ಲಿ ಹೋಗಿ ನೋಡಿದರೆ ಬಹುಪಾಲು ಸಾಧಾರಣ ರೈತನ ಮನೆಗಳೇ. 'ಹೆಸರು ಕ್ಷೀರಸಾಗರ ಭಟ್ಟ' ಎಂಬ ಗಾದೆ ಅಲ್ಲಿಗೂ ಸಲ್ಲುತ್ತದೆ. 1855ರಲ್ಲಿ ಪ್ಯಾರಿಸ್ಸಿನ ಮಹಾ ಪ್ರದರ್ಶನಕ್ಕಾಗಿ ಬೋರ್ಡೊ ಮದ್ಯಗಳನ್ನು ತರಗತಿಗಳಾಗಿ ವಿಂಗಡಿಸಿದಾಗ ಈ ಊರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಂದು ಅಲ್ಲಿಯ ಪೆತ್ರುಸ್ ಎಂಬ ತೋಟದ ಮದ್ಯ ಲೋಕದ ಅತ್ಯಂತ ದುಬಾರಿ ಮದ್ಯಗಳಲ್ಲಿ ಒಂದು. ಆ ತೋಟವಿರುವುದು ಸುಮಾರು ಹನ್ನೊಂದೂವರೆ ಹೆಕ್ಟೇರು. ಅದರ ವಿಶೇಷವೆಂದರೆ ಅಡಿಯಲ್ಲಿರುವ ನೀಲಿ ಬಣ್ಣದ ಜೇಡಿ.

ಈ ಕೀರ್ತಿ ಬರಿಯ ಜೇಡಿಮಣ್ಣಿನಿಂದ ಬಂತೆ? ಇತಿಹಾಸ ಹಾಗೆ ಹೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫೈಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಮಾಡಿತು. ಮದ್ಯ ಸಾಲದೆ ಹೋದಾಗ ಒಣದ್ರಾಕ್ಷಿ, ಸಕ್ಕರೆ, ನೀರು ಬೆರೆಸಿ ಮಾಡಿದ ಸರಕು ಪೇಟೆಗೆ ಬಂತು. ಒಂದು ಊರಿನ ಸರಕಿಗೆ ಇನ್ನೊಂದು ಊರಿನ ಹೆಸರು ಬಿತ್ತು. ಮೋಸವನ್ನು ತಡೆಯಲು 1905ರಲ್ಲಿ ಒಂದು ಕಾನೂನು ಬಂತು. ಆದರೂ 1907ರಲ್ಲಿ ದಕ್ಷಿಣ ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರು ಲಕ್ಷಗಟ್ಟಲೆ ಸೇರಿ ದಂಗೆಯೆದ್ದರು. ನಾರ್ಬೊನ್ ಪಟ್ಟಣದಲ್ಲಿ ಸೈನಿಕರ ಗುಂಡಿಗೆ ಜನ ಸತ್ತರು. ಕೊನೆಗೆ 1935ರ ಜುಲೈ ತಿಂಗಳಲ್ಲಿ ಊರಿನ ಹೆಸರನ್ನು ಕಾಯುವ ಶಾಸನವಾಯಿತು. ಮರುವರ್ಷ ಪೊಮೆರೋಲಿಗೂ ಅದು ಅನ್ವಯವಾಯಿತು.

ಆ ಶಾಸನ ಹೇಳುವುದೇನು? ಹೆಸರು ಬೇಕಾದರೆ ಕಟ್ಟಳೆಗೆ ಒಳಪಡು ಎನ್ನುತ್ತದೆ. ಯಾವ ಜಾತಿಯ ಬಳ್ಳಿಯನ್ನು ನೆಡಬೇಕು, ಎಷ್ಟು ಒತ್ತಾಗಿ ನೆಡಬೇಕು, ಹೆಕ್ಟೇರಿಗೆ ಹೆಚ್ಚೆಂದರೆ ಎಷ್ಟು ಇಳುವರಿ ತೆಗೆಯಬಹುದು, ಎಲ್ಲಕ್ಕೂ ಗೊತ್ತುಪಾಡುಗಳಿವೆ. ಬಳ್ಳಿ ಕೊಟ್ಟಿತೆಂದು ದುರಾಸೆಯಿಂದ ಹೆಚ್ಚು ಕಿತ್ತುಕೊಂಡರೆ ಊರಿನ ಹೆಸರನ್ನು ಬಳಸುವ ಹಕ್ಕು ಹೋಗುತ್ತದೆ. ಒಬ್ಬನ ಅತಿಯಾಸೆ ನೆರೆಯವರೆಲ್ಲರ ಹೆಸರನ್ನು ಕೆಡಿಸುತ್ತದೆಯಾದ್ದರಿಂದ ಎಲ್ಲರೂ ಸೇರಿ ತಮ್ಮ ಕೈಯನ್ನು ತಾವೇ ಕಟ್ಟಿಕೊಂಡಿದ್ದಾರೆ. ಕಾನೂನಿಗೆ ನಿಲುಕದ ಸಂಯಮವೂ ಉಂಟು. 1956ರ ಫೆಬ್ರವರಿಯಲ್ಲಿ ಹಿಮ ಬಿದ್ದು ಪೊಮೆರೋಲಿನ ಬಳ್ಳಿಗಳು ಸುಟ್ಟುಹೋದಾಗ ಅನೇಕರು ಹಳೆಯದನ್ನು ಕಿತ್ತು ಹೊಸದನ್ನು ನೆಟ್ಟರು. ಪೆತ್ರುಸ್ ತೋಟದ ಒಡತಿ ಮೇಡಂ ಲೂಬಾ ಹಾಗೆ ಮಾಡಲಿಲ್ಲ. ಬಳ್ಳಿಗಳನ್ನು ಬುಡಕ್ಕೆ ಕತ್ತರಿಸಿ, ನಮ್ಮವರು ಕಬ್ಬಿನ ಕೂಳೆಯನ್ನು ಕಾಯುವಂತೆ, ಹಳೆಯ ಬೇರು ಮತ್ತೆ ಚಿಗುರುವ ತನಕ ಕಾದರು.

ಹೀಗೆ ನೋಡಿದರೆ ಊರಿನ ಹೆಸರು ಒಂದು ಆಸ್ತಿಯಲ್ಲ, ಒಂದು ಋಣ ಎನ್ನಬೇಕಾಗುತ್ತದೆ. ಪೊಮೆರೋಲಿನ ಲ ಬೋಂ ಪಾಸ್ತರ್ ಎಂಬ ತೋಟವನ್ನು 2013ರಲ್ಲಿ ಹಾಂಗ್‌ಕಾಂಗಿನ ಉದ್ಯಮಿಯೊಬ್ಬರು ಕೊಂಡರು. ಹಣ ಕೊಟ್ಟು ನೆಲವನ್ನು ಕೊಳ್ಳಬಹುದು, ಕಟ್ಟಳೆಯನ್ನು ಕೊಳ್ಳುವಂತಿಲ್ಲ. ನೆಲದೊಡನೆ ಋಣವೂ ಅವರ ತಲೆಗೆ ಬಂತು.

ಈ ತೋಟದ ಹೆಸರೆತ್ತಿದ್ದಕ್ಕೆ ಕಾರಣವುಂಟು. ಅದನ್ನು ಮಾರಿದ ಮನೆತನದ ಮಿಶೆಲ್ ರೊಲಾಂ ಎಂಬ ಮದ್ಯತಜ್ಞರು ನಮ್ಮ ಕರ್ನಾಟಕದ ಒಂದು ತೋಟಕ್ಕೂ ಸಲಹೆಗಾರರಾಗಿದ್ದವರು. 1980ರ ದಶಕದ ಕೊನೆಯಲ್ಲಿ ಕನ್ವಲ್ ಗ್ರೋವರ್ ಎಂಬ ಉದ್ಯಮಿ, ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ, ನಂದಿಬೆಟ್ಟದ ತಪ್ಪಲಿನಲ್ಲಿ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ದ್ರಾಕ್ಷಿಯ ಬಳ್ಳಿಗಳನ್ನು ನೆಡಿಸಿದರು. ದೊಡ್ಡಬಳ್ಳಾಪುರದಲ್ಲಿ ನನ್ನ ಷಡ್ಡಕನ ಮನೆಯಿದೆ. ಅಲ್ಲಿಗೆ ಹೋದಾಗ ಒಮ್ಮೆ ದ್ರಾಕ್ಷಿಯ ಸಾಲುಗಳನ್ನು ಬೇಲಿಯ ಹೊರಗೆ ನಿಂತು ನೋಡಿದ್ದೇನೆ. ನಾನು ಕುಡಿಯುವವನಲ್ಲ, ರುಚಿಯ ವಿಷಯ ಹೇಳಲಾರೆ. ಆದರೆ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುವ ಬಳ್ಳಿ ನಮ್ಮ ಬಿಸಿಲುನಾಡಿನಲ್ಲಿ ಮಲಗುವುದೇ ಇಲ್ಲವೆಂದೂ, ಆದ್ದರಿಂದ ವರ್ಷಕ್ಕೆ ಎರಡು ಸಲ ಚಾಟಿ ಮಾಡಿ ಒಂದೇ ಫಸಲು ತೆಗೆಯುವರೆಂದೂ ಕೇಳಿ ಬೆರಗಾದೆ. ಬಳ್ಳಿಯೂ ಹೊಸ ನೆಲದ ಭಾಷೆಯನ್ನು ಕಲಿಯಬೇಕಾಗಿದೆ! 2007ರಲ್ಲಿ ನಮ್ಮ ಸರ್ಕಾರ ದ್ರಾಕ್ಷಿ ಮದ್ಯಕ್ಕಾಗಿಯೇ ಒಂದು ನೀತಿಯನ್ನು ಮಾಡಿ ಪ್ರೋತ್ಸಾಹ ಕೊಟ್ಟಿತು. ನಂದಿಯ ಹೆಸರು ಸೀಸೆಯ ಮೇಲೆ ಬಂದಿದೆ. ಆದರೆ ಹೆಸರು ಬರುವುದು ಬೇರೆ, ಹೆಸರಿನ ಕಟ್ಟಳೆಯನ್ನು ನೆರೆಹೊರೆಯವರೆಲ್ಲ ಕೂಡಿ ಹೊರುವುದು ಬೇರೆ. ಮೊದಲನೆಯದಕ್ಕೆ ಕೆಲವು ವರ್ಷ ಸಾಕು. ಎರಡನೆಯದಕ್ಕೆ ತಲೆಮಾರುಗಳು ಬೇಕು.

ಇಲ್ಲಿ ವಾಚಕರು ನನ್ನನ್ನು ತಡೆದು ಕೇಳಬಹುದು: 'ಸ್ವಾಮಿ, ಎಷ್ಟಾದರೂ ಅದು ಹೆಂಡವಲ್ಲವೆ? ಊರಿನ ಹೆಸರು ಬರೆದ ಮಾತ್ರಕ್ಕೆ ವಿಷ ಅಮೃತವಾದೀತೆ?' ನ್ಯಾಯವಾದ ಪ್ರಶ್ನೆ. ಖಂಡಿತವಾಗಿ ಆಗುವುದಿಲ್ಲ. ಮದ್ಯದ ವಿಷಯದಲ್ಲಿ ನಿರಪಾಯವೆನ್ನುವಂಥ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು. ಫ್ರಾನ್ಸ್ ದೇಶವೇ 1991ರಲ್ಲಿ ಒಂದು ಕಾನೂನು ಮಾಡಿ ತಂಬಾಕು, ಮದ್ಯ ಎರಡರ ಜಾಹೀರಾತಿಗೂ ಕಡಿವಾಣ ಹಾಕಿತು. ಮದ್ಯದ ಜಾಹೀರಾತಿನಲ್ಲಿ ಅದು ಯಾವ ಊರಿನದು, ಯಾರು ಮಾಡಿದ್ದು, ಯಾವುದರಿಂದ ಮಾಡಿದ್ದು ಎಂಬಂಥ ನಿಜವನ್ನು ಹೇಳಬಹುದು. ಕುಡಿದರೆ ಸುಖ ಬರುತ್ತದೆಂದು ಆಸೆ ಹುಟ್ಟಿಸಬಾರದು. ತನ್ನ ಹೆಮ್ಮೆಯ ಸರಕಿಗೆ ತಾನೇ ಹೀಗೆ ಕಟ್ಟು ಹಾಕಿದ್ದು ಸಣ್ಣ ಮಾತಲ್ಲ.

ಹಾಗಾದರೆ ಹೆಸರಿನಿಂದ ಆಗುವ ಉಪಕಾರವೇನು? ಹೆಸರು ತಪ್ಪನ್ನು ತೊಳೆಯುವುದಿಲ್ಲ. ಆದರೆ ಯಾರನ್ನು ಕೇಳಬೇಕೆಂಬುದನ್ನು ತೋರಿಸುತ್ತದೆ. ಪೊಮೆರೋಲಿನ ಸೀಸೆ ಚೆನ್ನಾಗಿದ್ದರೆ ಹೊಗಳಿಕೆ ಯಾರ ಬಾಗಿಲಿಗೆ ಹೋಗಬೇಕೆಂಬುದು ಗೊತ್ತು. ಕೆಟ್ಟದಾಗಿದ್ದರೆ ಬೈಗುಳ ಯಾರ ಬಾಗಿಲಿಗೆ ಎಂಬುದೂ ಗೊತ್ತು. ಅಂಕಿತವೆಂಬುದು ಒಂದು ಕೈಮರ. ಮಾಡಿದವನ ಮನೆಯ ದಾರಿಯನ್ನು ತೋರಿಸುತ್ತದೆ. ಹೊಣೆಯೆಂಬುದು ಅಲ್ಲಿಂದ ಪ್ರಾರಂಭವಾಗುತ್ತದೆ.

ಈಗ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕೆಂಪು ಹಗುರ ನೆಲದಲ್ಲಿ ಬೆಳೆಯುವ ಸಿಗರೇಟು ತಂಬಾಕಿಗೂ ಮಣ್ಣಿನ ಗುಣವುಂಟು. ಪರದೇಶದ ವ್ಯಾಪಾರಿಗಳು ಅದನ್ನು ಕರ್ನಾಟಕದ ಹಗುರ ಮಣ್ಣಿನ ಸೊಪ್ಪೆಂದು ಗುರುತಿಸಿಯೇ ಕೊಳ್ಳುತ್ತಾರೆ. ಕಟ್ಟಳೆಗೂ ಕೊರತೆಯಿಲ್ಲ. 1975ರ ಕಾಯಿದೆಯಂತೆ ರಚಿತವಾದ ತಂಬಾಕು ಮಂಡಳಿ ಬೆಳೆಗಾರರನ್ನು ನೋಂದಾಯಿಸುತ್ತದೆ, ಬ್ಯಾರನ್ನಿಗೆ ಲೈಸೆನ್ಸ್ ಕೊಡುತ್ತದೆ, ವರ್ಷಕ್ಕೆ ಎಷ್ಟು ಬೆಳೆಯಬೇಕೆಂಬುದನ್ನು ಗೊತ್ತುಮಾಡುತ್ತದೆ. 1984ರಿಂದ ನಮ್ಮಲ್ಲಿ ಹರಾಜನ್ನೂ ನಡೆಸುತ್ತಿದೆ. ಕೌಶಲಕ್ಕಂತೂ ಕೊರತೆಯೇ ಇಲ್ಲ. ಬುಡದ ಎಲೆಯಿಂದ ಹಿಡಿದು ಹಣ್ಣಾದದ್ದನ್ನು ಮಾತ್ರ ಮುರಿದು, ಕಡ್ಡಿಗೆ ಪೋಣಿಸಿ, ಬ್ಯಾರನ್ನಿನಲ್ಲಿ ಏರಿಸಿದ ಮೇಲೆ ಮನೆಯ ಯಜಮಾನನಿಗೆ ನಿದ್ದೆಯಿಲ್ಲ. ಹಸುರು ಹಳದಿಗೆ ತಿರುಗುವುದಕ್ಕೆ ಒಂದು ಕಾವು, ಎಲೆ ಒಣಗುವುದಕ್ಕೆ ಒಂದು ಕಾವು, ನಡುನಾರು ಒಣಗುವುದಕ್ಕೆ ಇನ್ನೊಂದು. ಒಂದು ರಾತ್ರಿ ತೂಕಡಿಸಿದರೆ ಬಣ್ಣ ಹೋಯಿತು, ಬೆಲೆಯೂ ಹೋಯಿತು. ಪೆತ್ರುಸ್ ತೋಟದವರ ಶ್ರದ್ಧೆಗೆ ಇದು ಯಾವುದರಲ್ಲಿ ಕಡಮೆ?

ಆದರೆ ಹರಾಜಿನ ಕಟ್ಟೆಯನ್ನು ದಾಟಿದ ಕ್ಷಣದಲ್ಲಿ ಆ ಸೊಪ್ಪಿನ ಊರು ಅಳಿಸಿಹೋಗುತ್ತದೆ. ಬೇಲಿನ ಮೇಲೆ ಉಳಿಯುವುದು ಅಂಕಿ, ದರ್ಜೆ. ಆಮೇಲೆ ಅದು ಇನ್ನಾವುದೋ ಸೀಮೆಯ ಸೊಪ್ಪಿನೊಡನೆ ಬೆರೆತು, ಇನ್ನಾವುದೋ ಹೆಸರಿನ ಪೆಟ್ಟಿಗೆಯನ್ನು ಸೇರುತ್ತದೆ. ತಂಬಾಕಿನಿಂದ ಲೋಕದಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಆ ಸಾವಿನ ದಾರಿಯನ್ನು ಹಿಂದಕ್ಕೆ ಹಿಡಿದು ಬಂದರೆ ಯಾವ ಬಾಗಿಲೂ ಸಿಕ್ಕುವುದಿಲ್ಲ. ಸೇದುವವನು ಚಟವೆನ್ನುತ್ತಾನೆ, ಮಾರುವವನು ವ್ಯಾಪಾರವೆನ್ನುತ್ತಾನೆ, ಸರ್ಕಾರ ಆದಾಯವೆನ್ನುತ್ತದೆ, ಬೆಳೆಯುವವನು ಹೊಟ್ಟೆಪಾಡೆನ್ನುತ್ತಾನೆ. ನಿದ್ದೆಗೆಟ್ಟವನಿಗೆ ಹೊಗಳಿಕೆಯೂ ಇಲ್ಲ, ಯಾರಿಗೂ ಹೊಣೆಯೂ ಇಲ್ಲ. ಹೆಸರಿಲ್ಲದಿರುವುದರ ಅನುಕೂಲ ಇದು, ಅನರ್ಥವೂ ಇದೇ.

ಹಾಗೆಂದು ಬೆಳೆಗಾರನೊಬ್ಬನನ್ನು ಅಪರಾಧಿಯ ಕಟಕಟೆಗೆ ಏರಿಸುವುದು ನನ್ನ ಉದ್ದೇಶವಲ್ಲ. ಮಳೆಯನ್ನು ನಂಬಿದ ನೆಲದಲ್ಲಿ, ಕೊಳ್ಳುವವನು ನಿಶ್ಚಿತವಾಗಿರುವ ಬೆಳೆಯನ್ನು ಹಿಡಿದವನಿಗೆ 'ಬಿಡು' ಎಂದು ಉಪದೇಶಿಸುವುದು ಸುಲಭ. ಬಿಟ್ಟ ಮೇಲೆ ಅವನ ಸಾಲಕ್ಕೆ ಯಾರು ಹೊಣೆ? ಮೇಲಾಗಿ, ಉಪದೇಶಿಸುವ ನನ್ನ ಕೈ ಶುಚಿಯಾಗಿದೆಯೆ? ಹೆಂಡದ ಸುಂಕ, ತಂಬಾಕಿನ ತೆರಿಗೆ ಎರಡೂ ಬೊಕ್ಕಸಕ್ಕೆ ಹೋಗುತ್ತವೆ. ಆ ಬೊಕ್ಕಸದಿಂದಲೇ ನನ್ನಂಥವರ ಸಂಬಳ ಬರುತ್ತದೆ. ತಿಂಗಳ ಕೊನೆಯಲ್ಲಿ ಎಣಿಸಿಕೊಳ್ಳುವ ಹಣದ ಮೇಲೆ ಯಾವ ಊರಿನ ಹೆಸರೂ ಇರುವುದಿಲ್ಲ. ಇದ್ದಿದ್ದರೆ ತರಗತಿಯಲ್ಲಿ ಅಂಕಿತದ ಮಾತನ್ನು ಅಷ್ಟು ಧೈರ್ಯವಾಗಿ ಆಡುತ್ತಿದ್ದೆನೋ ಇಲ್ಲವೋ.

ಆದ್ದರಿಂದ ನಾನು ಹೇಳಬಯಸುವುದು ತೀರ್ಪಲ್ಲ, ಒಂದು ಪರೀಕ್ಷೆ ಮಾತ್ರ. ಅದನ್ನು ಯಾರು ಬೇಕಾದರೂ ತಮ್ಮ ಕೆಲಸಕ್ಕೆ ಹಚ್ಚಿ ನೋಡಿಕೊಳ್ಳಬಹುದು. 'ಈ ಕೆಲಸದ ಮೇಲೆ ನನ್ನ ಊರಿನ ಹೆಸರನ್ನು ಬರೆದು, ಅದು ಹೋದಲ್ಲಿಗೆಲ್ಲ ಆ ಹೆಸರೂ ಹೋಗಲಿ ಎನ್ನಲು ಮನಸ್ಸು ಒಪ್ಪುತ್ತದೆಯೆ?' ಒಪ್ಪಿದರೆ ಹೆಸರಿನ ಋಣವನ್ನು ಹೊರೋಣ. ಒಪ್ಪದಿದ್ದರೆ, ಕೆಲಸವನ್ನು ನಾಳೆಯೇ ಬಿಡುವುದಾಗದಿದ್ದರೂ, ಮನಸ್ಸು ಏಕೆ ಒಪ್ಪಲಿಲ್ಲವೆಂದು ಕೂತು ವಿಚಾರಿಸೋಣ. ಆ ವಿಚಾರಕ್ಕೆ ಬೆಳೆಗಾರ, ವ್ಯಾಪಾರಿ, ಸರ್ಕಾರ, ಸಂಬಳದ ಮೇಷ್ಟರು ಎಲ್ಲರೂ ಬರಬೇಕು.

ಕೆಲವು ವಾರಗಳ ಮೇಲೆ ಆ ಹುಡುಗಿ ಬಸ್‌ಸ್ಟಾಂಡಿನಲ್ಲಿ ಸಿಕ್ಕಳು. ಈ ಪರೀಕ್ಷೆಯ ಮಾತನ್ನು ಅವಳಿಗೂ ಹೇಳಿದೆ. ಮರುದಿನ ಕಾಲೇಜಿಗೆ ಬಂದವಳು ತಾನಾಗಿಯೇ ಬಂದು ಹೇಳಿದಳು: "ನಮ್ಮಪ್ಪನ್ನ ಕೇಳ್ದೆ ಸಾರ್. ಸಿಗರೇಟಿನ ಪೊಟ್ಟಣದ ಮೇಲೆ ನಮ್ಮೂರ ಹೆಸ್ರು ಬರೀಬೋದಾ ಅಂದೆ. ಸುಮಾರು ಹೊತ್ತು ಸುಮ್ನೆ ಇದ್ರು. ಆಮೇಲೆ, 'ಬ್ಯಾಡ ಕಣವ್ವ' ಅಂದ್ರು."

"ಇನ್ನೇನೂ ಹೇಳಲಿಲ್ಲವೇನಮ್ಮ?" ಎಂದೆ.

"'ರಾಗಿ ಮೂಟೆ ಮ್ಯಾಲೆ ಬೇಕಾದ್ರೆ ಬರಿ' ಅಂದ್ರು ಸಾರ್."