ವಿದ್ಯಾದಾನಕ್ಕೆ ಷರತ್ತು ಇರಬಹುದೇ?

ವಿದ್ಯೆಯನ್ನು ಕೊಡುವಾಗ ಷರತ್ತು ಹಾಕಿದರೆ ಅದು ದಾನವಾಗಿ ಉಳಿಯುತ್ತದೆಯೇ ಎಂಬ ಹಳೆಯ ಪ್ರಶ್ನೆಗೆ ಮುಕ್ತ ತಂತ್ರಾಂಶದ ಪರವಾನಗಿಗಳು ಎರಡು ಉತ್ತರ ಕೊಟ್ಟಿವೆ. 1989ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ತನ್ನ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ನೆಟ್‌ವರ್ಕಿಂಗ್ ಕೋಡನ್ನು ಬಿಡುಗಡೆ ಮಾಡಿತು. ಮೂಲಕರ್ತರ ಹೆಸರು ಉಳಿಸಿದರೆ ಸಾಕು, ಪಡೆದವರು ಅದನ್ನು ಮುಚ್ಚಿಟ್ಟು ಮಾರಲೂಬಹುದಿತ್ತು. ಅದೇ ವರ್ಷ ಬಂದ ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಅವರ ಜಿಪಿಎಲ್ ಪರವಾನಗಿ, ತಿದ್ದಿ ಹಂಚುವವರು ತಿದ್ದಿದ ಮೂಲ ಕೋಡನ್ನೂ ಕೊಡಲೇಬೇಕೆಂದಿತು. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಈ ಎರಡನೆಯ ದಾರಿ ಹಿಡಿಯಿತು.

ಮೊದಲನೆಯದು ನಿಜಾರ್ಥದ ದಾನ. ಎರಡನೆಯದು ಋಷಿಋಣಕ್ಕೆ ಹತ್ತಿರ: ಆ ಸಾಲವನ್ನು ಋಷಿಗೆ ಹಿಂತಿರುಗಿಸುವಂತಿಲ್ಲ, ಕಲಿತು ಮುಂದಿನವರಿಗೆ ಕಲಿಸಿಯೇ ತೀರಿಸಬೇಕು. ಬೆಂಗಳೂರಿನ ಚಾಮರಾಜಪೇಟೆಯ ಸಂಸ್ಕೃತ ಪಾಠಶಾಲೆಯಂಥ ಸಂಸ್ಥೆಗಳ ಹಿಂದಿರುವುದೂ ಇದೇ ಭಾವ. ಆದರೆ ಹಳೆಯ ಪರಂಪರೆ ಯಾರು ಕಲಿಯಬಹುದು ಎಂಬುದನ್ನು ಜಾತಿ, ಲಿಂಗ ನೋಡಿ ನಿರ್ಧರಿಸಿತು. ಜಿಪಿಎಲ್ ಪಡೆಯುವವರ ಕುಲ ಕೇಳುವುದಿಲ್ಲ. ಈ ಅಂಶದಲ್ಲಿ ಅದಕ್ಕೆ ಶರಣರ ದಾಸೋಹವೇ ಹೆಚ್ಚು ಒಪ್ಪುತ್ತದೆ.

ಮಲ್ಲೇಶ್ವರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿಪಿಎಲ್‌ನ ಈ ತತ್ತ್ವ ಯಂತ್ರಕ್ಕೂ ಹಬ್ಬಿತು. ಅಲ್ಲಿನ ಪ್ರಾಧ್ಯಾಪಕರು ಎನ್ಕೋರ್ ಕಂಪನಿಯ ಜೊತೆ ರೂಪಿಸಿ 2001ರಲ್ಲಿ ತೋರಿಸಿದ ಅಂಗೈ ಕಂಪ್ಯೂಟರ್ ಸಿಂಪ್ಯೂಟರ್, ಲಿನಕ್ಸ್ ಮೇಲೆ ನಡೆಯುತ್ತಿತ್ತು. ಅದರ ವಿನ್ಯಾಸ ಒಂದು ಟ್ರಸ್ಟ್‌ನ ವಶದಲ್ಲಿತ್ತು. ಸುಧಾರಣೆ ಮಾಡಿದ ತಯಾರಕರು ಒಂದು ವರ್ಷ ಅದರ ಲಾಭ ಪಡೆದು, ಬಳಿಕ ಎಲ್ಲರಿಗೂ ತೆರೆಯಬೇಕಿತ್ತು. ಋಣಕ್ಕೆ ವಾಯಿದೆ ಕೊಟ್ಟ ಈ ಏರ್ಪಾಡು ಜಾಣತನದ್ದೇ. ಆದರೆ ಯಂತ್ರ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ.