ಧ್ವನಿಮುದ್ರಣದ ದೋಷ ಕೃತಿಯ ದೋಷವೇ?

ಹಾರ್ಡ್‌ಕೋರ್ ಪಂಕ್‌ನ ಒರಟುತನಕ್ಕೆ ಥ್ರ್ಯಾಶ್ ಮೆಟಲ್‌ನ ಕೈಚಳಕ ಬೆರೆತು ಹುಟ್ಟಿದ ರಾಕ್ ಸಂಗೀತದ ಕವಲು ಕ್ರಾಸ್‌ಓವರ್ ಥ್ರ್ಯಾಶ್. ಇದು 1980ರ ದಶಕದ ನಡುಭಾಗದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು; ಡಿ.ಆರ್.ಐ. ತಂಡ 1987ರಲ್ಲಿ ತನ್ನ ಆಲ್ಬಮ್‌ಗೆ ‘ಕ್ರಾಸ್‌ಓವರ್’ ಎಂದೇ ಹೆಸರಿಟ್ಟಿತು. ಸ್ಪೇನ್‌ನ ಬಾಸ್ಕ್ ಸೀಮೆಯ ವಿಟೋರಿಯಾ ನಗರದಲ್ಲಿ 1988ರಲ್ಲಿ ಹುಟ್ಟಿದ ‘ಸೊಸಿಯೆದಾದ್ ಅಲ್ಕೊಲಿಕಾ’ ತಂಡ ಇದೇ ಬಗೆಯನ್ನು ಸ್ಪ್ಯಾನಿಷ್‌ನಲ್ಲಿ ಹಾಡಿ ಹೆಸರು ಮಾಡಿತು. ಆ ಅದೃಷ್ಟ ಎಲ್ಲರಿಗೂ ಇರಲಿಲ್ಲ. ಸ್ಪೇನ್‌ನಲ್ಲೂ ಲ್ಯಾಟಿನ್ ಅಮೆರಿಕದಲ್ಲೂ ಒಂದು ಕ್ಯಾಸೆಟ್ಟು, ಹೆಚ್ಚೆಂದರೆ ಒಂದು ಆಲ್ಬಮ್ ತಂದು ಕಣ್ಮರೆಯಾದ ತಂಡಗಳು ಹಲವು. ಅಂಥ ಆಲ್ಬಮ್‌ಗಳ ಬಗ್ಗೆ ಕೇಳಿಬರುವ ತೀರ್ಪು ಸಾಮಾನ್ಯವಾಗಿ ಒಂದೇ: ಹಾಡುಗಳು ಚೆನ್ನಾಗಿವೆ, ಧ್ವನಿಮುದ್ರಣ ಕೆಡಿಸಿತು. ಹಾಡು ಬೇರೆ, ಅದು ಕಿವಿಗೆ ಬೀಳುವ ಸದ್ದು ಬೇರೆ ಎಂದು ಒಪ್ಪಿಕೊಂಡವರು ಮಾತ್ರ ಹೀಗೆ ಹೇಳಬಲ್ಲರು. ಹಾಗೆ ಒಪ್ಪಬಹುದೇ ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ.

ಒಪ್ಪಬಹುದು ಎನ್ನುವ ಪಕ್ಷ ಹಳೆಯದು. ಪತಂಜಲಿಯ ಮಹಾಭಾಷ್ಯದಲ್ಲಿ ಭೇರಿಯ ಉದಾಹರಣೆ ಬರುತ್ತದೆ. ಭೇರಿಯ ಸದ್ದು ಒಮ್ಮೆ 20 ಹೆಜ್ಜೆ, ಇನ್ನೊಮ್ಮೆ 40 ಹೆಜ್ಜೆ ದೂರ ಕೇಳಿಸಬಹುದು. ಈ ಹೆಚ್ಚುಕಡಿಮೆ ಧ್ವನಿಗೆ ಸೇರಿದ್ದು, ಧ್ವನಿಯಿಂದ ವ್ಯಕ್ತವಾಗುವ ಪದದ ಸ್ಥಿರ ರೂಪವಾದ ಸ್ಫೋಟಕ್ಕಲ್ಲ. ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಇದನ್ನೇ ಬೆಳೆಸಿ, ಉಚ್ಚಾರದ ವೇಗ ಬದಲಾದರೂ ಪದ ಬದಲಾಗದು ಎಂದ. ಇಬ್ಬರೂ ಮಾತನಾಡಿದ್ದು ಭಾಷೆಯ ಬಗ್ಗೆ, ಸಂಗೀತದ ಬಗ್ಗೆ ಅಲ್ಲ. ಆದರೂ ಹಳೆಯ ಗ್ರಾಮಫೋನ್ ತಟ್ಟೆಯ ಕರಕರ ಸದ್ದನ್ನು ಯಾರೂ ಕೀರ್ತನೆಯ ದೋಷವೆಂದು ಎಣಿಸದಿರುವುದರ ಹಿಂದೆ ಇರುವುದು ಇದೇ ವಿವೇಕ. ಪಶ್ಚಿಮದಲ್ಲಿ ತತ್ತ್ವಜ್ಞ ಜೆರಾಲ್ಡ್ ಲೆವಿನ್‌ಸನ್ 1980ರ ಲೇಖನವೊಂದರಲ್ಲಿ ಸಂಗೀತ ಕೃತಿಯನ್ನು ಸಂಗೀತಗಾರ ನಿರ್ದಿಷ್ಟ ಕಾಲದಲ್ಲಿ ಗೊತ್ತುಪಡಿಸಿದ ಸ್ವರ ಹಾಗೂ ವಾದ್ಯಗಳ ವಿನ್ಯಾಸವೆಂದು ವಿವರಿಸಿದ. ಆ ಲೆಕ್ಕದಲ್ಲೂ ಒಂದು ಕೆಟ್ಟ ಕಛೇರಿಯಿಂದ ಕೃತಿಗೆ ಕುಂದಿಲ್ಲ.

ರಾಕ್ ಸಂಗೀತಕ್ಕೆ ಈ ಲೆಕ್ಕ ನೇರವಾಗಿ ಹೊಂದುವುದಿಲ್ಲ. ಥಿಯೊಡೋರ್ ಗ್ರೇಸಿಕ್ 1996ರ ತನ್ನ ಪುಸ್ತಕದಲ್ಲಿ, ರಾಕ್‌ನಲ್ಲಿ ಮುಖ್ಯ ಕೃತಿ ಧ್ವನಿಮುದ್ರಿಕೆಯೇ ಎಂದು ವಾದಿಸಿದ. ಸ್ವರಲಿಪಿ ಬರೆಯದೆ ಸ್ಟುಡಿಯೋದಲ್ಲಿ ಪದರಪದರವಾಗಿ ಸದ್ದು ಕಟ್ಟುವ ಸಂಗೀತದಲ್ಲಿ ಗಿಟಾರಿನ ನಾದಬಣ್ಣ, ಡ್ರಮ್‌ನ ಏಟಿನ ತೂಕ ಎಲ್ಲವೂ ರಚನೆಯ ಭಾಗ. ಥ್ರ್ಯಾಶ್‌ನಲ್ಲಿ ಇದು ಕಣ್ಣಿಗೆ ಕಾಣುವಂತಿದೆ. ವಾದಕ ಬಲ ಅಂಗೈಯ ಅಂಚನ್ನು ಗಿಟಾರಿನ ಬ್ರಿಡ್ಜ್ ಬಳಿ ತಂತಿಗಳ ಮೇಲೆ ಹಗುರವಾಗಿ ಒತ್ತಿಟ್ಟು ಮೀಟುತ್ತಾನೆ. ನಾದ ಎಳೆಯದೆ ಅಲ್ಲೇ ಕತ್ತರಿಸಿದಂತೆ ನಿಲ್ಲುತ್ತದೆ. ಎರಡು ಮೀಟುಗಳ ನಡುವಿನ ಆ ಕ್ಷಣದ ಮೌನದಿಂದಲೇ ಲಯ ಹುಟ್ಟುತ್ತದೆ. ಬಿಡಿ ಪದರಗಳನ್ನು ಒಂದಾಗಿ ಕೂಡಿಸುವ ಮಿಕ್ಸಿಂಗ್‌ನಲ್ಲಿ ತಗ್ಗು ಸ್ಥಾಯಿಯ ಸದ್ದೆಲ್ಲ ಕಲಸಿಹೋದರೆ ಆ ಮೌನ ಮುಚ್ಚಿಹೋಗಿ, ಬಿಡಿಬಿಡಿ ಏಟುಗಳು ಒಂದೇ ಗುಂಯ್‌ಗುಡುವಿಕೆಯಾಗುತ್ತವೆ. ಗ್ರಾಮಫೋನಿನ ಕರಕರ ಕೀರ್ತನೆಯ ಮೇಲೆ ಕೂತ ಧೂಳು. ಇಲ್ಲಿ ಕಳೆದುಹೋದದ್ದು ರಚನೆಯ ಒಂದು ಅಂಗ.

ಹಾಗಾದರೆ ಹಾಡೆಂಬುದೇ ಇಲ್ಲವೇ? ಇದೆ. ಮೆಟಾಲಿಕಾದ 1988ರ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಮ್‌ನಲ್ಲಿ ಬೇಸ್ ಗಿಟಾರ್ ಬಹುತೇಕ ಕೇಳಿಸುವುದೇ ಇಲ್ಲ. ಅವೇ ಹಾಡುಗಳು ವೇದಿಕೆಯ ಮೇಲೆ ಬೇಸ್ ಸಮೇತ ನಡೆಯುತ್ತವೆ, ಬೇರೆ ಹಾಡೆಂದು ಯಾರಿಗೂ ಅನ್ನಿಸುವುದಿಲ್ಲ. ಕ್ರಾಸ್‌ಓವರ್‌ನ ಆದ್ಯರಲ್ಲಿ ಒಂದಾದ ಸುಯಿಸೈಡಲ್ ಟೆಂಡೆನ್ಸೀಸ್ ತಂಡ 1983ರ ತನ್ನ ಮೊದಲ ಆಲ್ಬಮ್‌ನ ಹಾಡುಗಳನ್ನು 1993ರಲ್ಲಿ ಮತ್ತೆ ಧ್ವನಿಮುದ್ರಿಸಿತು. ಹಾಡು ಅವೇ, ಆಲ್ಬಮ್ ಬೇರೆ. ತತ್ತ್ವಜ್ಞ ಆಂಡ್ರ್ಯೂ ಕಾನಿಯಾ ಈ ಎರಡು ಪದರಗಳನ್ನು ಬೇರ್ಪಡಿಸಿದ್ದಾನೆ: ಮಾತು, ರಾಗ, ಲಯದ ಚೌಕಟ್ಟಷ್ಟೇ ಇರುವ ತೆಳುವಾದ ಹಾಡು, ಪ್ರತಿ ಸದ್ದೂ ಗೊತ್ತಾದ ದಟ್ಟವಾದ ಧ್ವನಿಮುದ್ರಿಕೆ. ವಿಮರ್ಶೆಗೆ ಸಿಗುವುದು ಎರಡನೆಯದು.

ಇನ್ನು, ಒರಟು ಸದ್ದೆಲ್ಲವೂ ದೋಷವೇ ಎಂಬ ಪ್ರಶ್ನೆ. ಕೆಂಡಲ್ ವಾಲ್ಟನ್ 1970ರಲ್ಲಿ ಬರೆದ ‘ಕಲೆಯ ವರ್ಗಗಳು’ ಎಂಬ ಲೇಖನ ಇಲ್ಲಿ ನೆರವಿಗೆ ಬರುತ್ತದೆ. ಅಮೃತಶಿಲೆಯ ಎದೆಮಟ್ಟದ ಪ್ರತಿಮೆಯನ್ನು ಕಂಡು ಯಾರೂ ಬಿಳಚಿಕೊಂಡ ಕತ್ತರಿಸಿದ ದೇಹವೆಂದು ಬೆಚ್ಚುವುದಿಲ್ಲ. ಆ ವರ್ಗದ ಕಲೆಗೆ ಅದು ಸಹಜ ಲಕ್ಷಣ. ಕೊಲಂಬಿಯಾದ ಮೆಡೆಯಿನ್ ನಗರದಲ್ಲಿ 1980ರ ದಶಕದಲ್ಲಿ ಹುಟ್ಟಿದ ‘ಅಲ್ಟ್ರಾ ಮೆಟಲ್’ ಸಂಗೀತ ಹೀಗೆಯೇ. ಪ್ಯಾರಾಬೆಲ್ಲಮ್ ತಂಡದ 1987ರ ‘ಸಾಕ್ರಿಲೆಹಿಯೊ’ ಕೇಳಿದರೆ ಶ್ರುತಿಗೂ ಹದಕ್ಕೂ ಸಿಗದ ಗದ್ದಲವೇ ಅದರ ಗುರಿ ಎಂಬುದು ಗೊತ್ತಾಗುತ್ತದೆ. ಅದೇ ನಗರದ ಪಂಕ್ ಹುಡುಗರ ಬದುಕನ್ನು ತೋರಿಸಿದ ವಿಕ್ಟರ್ ಗವಿರಿಯಾ ನಿರ್ದೇಶನದ ‘ರೊಡ್ರಿಗೊ ಡಿ: ನೊ ಫುಟೂರೊ’ ಚಿತ್ರ 1990ರ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. ಅದರ ನಾಯಕನ ಬಳಿ ಡ್ರಮ್ ಕೋಲುಗಳಿವೆ, ಡ್ರಮ್ ಇಲ್ಲ. ಅಂಥ ಕಡೆ ನುಣುಪಾದ ಧ್ವನಿಮುದ್ರಣವೇ ಸುಳ್ಳೆನಿಸೀತು. ಆದರೆ ಬಡತನ ದೋಷಕ್ಕೆ ಕಾರಣವನ್ನು ಹೇಳುತ್ತದೆ, ದೋಷವನ್ನು ಗುಣ ಮಾಡುವುದಿಲ್ಲ. ಮರುಕವನ್ನೇ ಮೆಚ್ಚುಗೆ ಎಂದುಕೊಳ್ಳುವ ಅಭ್ಯಾಸ ಸಂಗೀತ ವಿಮರ್ಶೆಯಲ್ಲಿ ಸಾಕಷ್ಟಿದೆ.

ಕ್ರಾಸ್‌ಓವರ್‌ನ ತೊಡಕೆಂದರೆ ಅದು ಎರಡು ವರ್ಗಗಳಿಗೆ ಸೇರಿದೆ. ಪಂಕ್‌ನ ಕಡೆಯಿಂದ ಒರಟುತನಕ್ಕೆ ಮಾಫಿ ಉಂಟು, ಥ್ರ್ಯಾಶ್‌ನ ಕಡೆಯಿಂದ ಇಲ್ಲ. ಸ್ಪ್ಯಾನಿಷ್‌ನಲ್ಲಿ ಹಾಡಿದಾಗ ಇನ್ನೊಂದು ಹೊಣೆ ಕೂಡುತ್ತದೆ. ಇಂಗ್ಲಿಷ್ ಈ ಸಂಗೀತದ ಮಾರುಕಟ್ಟೆಯ ಭಾಷೆ. ಅದನ್ನು ಬಿಟ್ಟು ಊರಿನ ಭಾಷೆಯಲ್ಲಿ ಹಾಡುವ ತಂಡ ತನ್ನ ಬೀದಿಯವರಿಗೆ ಪೊಲೀಸರ ಬಗ್ಗೆ, ಕೆಲಸವಿಲ್ಲದ ದಿನಗಳ ಬಗ್ಗೆ ಏನೋ ಹೇಳಲು ಹೊರಟಿದೆ. ಮಾತು ಗುರುತು ಸಿಗುವುದು ವ್ಯಂಜನಗಳಿಂದ. ಅವುಗಳ ಸ್ಪಷ್ಟತೆ ಹೆಚ್ಚಾಗಿ 2,000ದಿಂದ 4,000 ಹರ್ಟ್ಜ್ ಆಸುಪಾಸಿನಲ್ಲಿದೆ. ಡಿಸ್ಟಾರ್ಷನ್ ಹಾಕಿದ ಗಿಟಾರೂ ಸಿಂಬಲ್ಲೂ ಕಿರುಚುವುದು ಅಲ್ಲೇ. ಮಿಕ್ಸಿಂಗ್ ಮಾಡುವವನು ಜಾಗ ಬಿಡಿಸಿಕೊಡದಿದ್ದರೆ ಸ್ವರಗಳಷ್ಟೇ ಉಳಿದು, ಸ್ಪ್ಯಾನಿಷ್ ಬಲ್ಲವನಿಗೂ ಅದು ಯಾವ ಭಾಷೆ ಎಂದು ತಿಳಿಯದು. ಹಾಡಿದವರು ಆರಿಸಿಕೊಂಡ ಗುರಿಯೇ ಅಲ್ಲಿ ತಪ್ಪಿಹೋಗುತ್ತದೆ.

ಬಿಡಿ ಪದರಗಳ ಮೂಲ ಟೇಪು ಉಳಿದಿದ್ದರೆ ಮಿಕ್ಸಿಂಗನ್ನು ಮತ್ತೆ ಮಾಡಬಹುದು. ಮೆಗಾಡೆತ್ ತನ್ನ 1985ರ ಮೊದಲ ಆಲ್ಬಮ್‌ಗೆ 2002ರಲ್ಲಿ ಹಾಗೆ ಮಾಡಿತು. ಗ್ರೇಸಿಕ್‌ನ ಲೆಕ್ಕದಲ್ಲಿ ಅದು ರಿಪೇರಿಯಲ್ಲ, ಇನ್ನೊಂದು ಕೃತಿ. ಟೇಪು ಅಳಿದುಹೋದ ಸಣ್ಣ ತಂಡಗಳಿಗೆ ಆ ದಾರಿಯೂ ಇಲ್ಲ. ಅಂಥ ತಂಡದ ಹಾಡುಗಳನ್ನು ಧಾರಾಳವಾಗಿ ಮೆಚ್ಚಬಹುದು, ಆಲ್ಬಮ್ ಮಾತ್ರ ಸೋತ ಕೃತಿಯೇ.