ಕ್ಷಮೆಯೂ ಸಾಕ್ಷ್ಯವೂ

ದಶಧರ್ಮಗಳಲ್ಲಿ ಮೊದಲನೆಯದು ಉತ್ತಮಕ್ಷಮೆ. ಕ್ರೋಧಕ್ಕೆ ಕಾರಣವಿದ್ದೂ, ಪ್ರತೀಕಾರಕ್ಕೆ ಶಕ್ತಿಯಿದ್ದೂ, ಮನಸ್ಸು ಕಲುಷಿತವಾಗದೆ ನಿಲ್ಲುವ ಸ್ಥಿತಿಗೆ ಪ್ರಾಜ್ಞರು ಈ ಹೆಸರನ್ನು ಕೊಟ್ಟಿದ್ದಾರೆ. ಭಾದ್ರಪದದ ಪರ್ವದಲ್ಲಿ ಉಪವಾಸವನ್ನಾಚರಿಸಿ, ಕೊನೆಯಲ್ಲಿ ಪರಸ್ಪರ ಕ್ಷಮೆಯನ್ನು ಬೇಡುವ ಶ್ರಾವಕ ಶ್ರಾವಿಕೆಯರಿಗೆ ಇದು ಹೊಸ ಮಾತಲ್ಲ. ಆದರೆ ಈ ಧರ್ಮವನ್ನು ಕುರಿತು ಆಗಾಗ ತಲೆಯೆತ್ತುವ ಒಂದು ಶಂಕೆಯನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಬೇಕಾಗಿದೆ. ಗುಂಪಿನ ಹಿಂಸೆಯಲ್ಲಿ ತನ್ನವರನ್ನು ಕಳೆದುಕೊಂಡ ಒಬ್ಬನು ವರ್ಷಾನುಗಟ್ಟಲೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತುತ್ತಿದ್ದಾನೆ ಎಂದುಕೊಳ್ಳೋಣ. ಅವನು ಕ್ಷಮೆಯನ್ನು ತೊರೆದವನೆ? ಅವನ ನೆರೆಹೊರೆಯವರು, ಊರಿನ ಶಾಂತಿಗಾಗಿ ಎಂದು ಹೇಳಿ, ಕಂಡುದನ್ನು ಕಂಡಿಲ್ಲವೆಂದರೆ ಅದು ಕ್ಷಮೆಯಾಗುವುದೆ?

ಈ ಪ್ರಶ್ನೆಗೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಜಂಗಮಕೋಟೆಯಿಂದ ಶಿಡ್ಲಘಟ್ಟದ ಮೇಲೆ ಹಾದು ಹೋದರೆ ಚಿಂತಾಮಣಿ. ಅದೇ ತಾಲ್ಲೂಕಿಗೆ ಸೇರಿದ ಗ್ರಾಮ ಕಂಬಾಲಪಲ್ಲಿ. ಆಗ ಅದು ಕೋಲಾರ ಜಿಲ್ಲೆಯಲ್ಲಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾದ ಮೇಲೆ ಇತ್ತ ಸೇರಿತು. 2000ದ ಮಾರ್ಚ್ 11ರಂದು ಆ ಊರಿನ ದಲಿತರ ಮನೆಗಳಿಗೆ ಬೆಂಕಿಯಿಕ್ಕಲಾಯಿತು. ಏಳು ಮಂದಿ ಸಜೀವವಾಗಿ ದಹನವಾದರು. ಸತ್ತವರಲ್ಲಿ ವೃದ್ಧೆಯೂ ಇದ್ದಳು, ಯುವಕರೂ ಇದ್ದರು. ಅದಕ್ಕೆ ಹಿಂದೆ ಊರಿನಲ್ಲಿ ವೈರದ ಸರಪಳಿಯೇ ಬೆಳೆದಿತ್ತು; ಎರಡು ಕಡೆಯಲ್ಲೂ ಜೀವಹಾನಿಯಾಗಿತ್ತು. ಮೊಕದ್ದಮೆ ನಡೆಯಿತು. ಆರು ವರ್ಷಗಳ ಅನಂತರ ಪ್ರತ್ಯಕ್ಷ ಸಾಕ್ಷಿಗಳು ಒಬ್ಬರ ಹಿಂದೊಬ್ಬರಂತೆ ಪ್ರತಿಕೂಲವಾಗಿ ನುಡಿದರು. 2006ರಲ್ಲಿ ವಿಚಾರಣಾ ನ್ಯಾಯಾಲಯವು ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು. 2014ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಆ ತೀರ್ಪನ್ನೇ ಎತ್ತಿಹಿಡಿಯಿತು.

ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಹಿಡಿಯಬೇಕು. ಸಾಕ್ಷ್ಯವಿಲ್ಲದೆ ಶಿಕ್ಷೆ ವಿಧಿಸುವುದು ನ್ಯಾಯಾಲಯದ ಧರ್ಮವಲ್ಲ. ಬಿಡುಗಡೆ ಹೊಂದಿದವರನ್ನು ಅಪರಾಧಿಗಳೆಂದು ಕರೆಯುವ ಅಧಿಕಾರ ನಮಗೂ ಇಲ್ಲ. ಆದರೆ ಏಳು ಮಂದಿ ಸತ್ತದ್ದು ಸುಳ್ಳಲ್ಲ. ಬೆಂಕಿ ತಾನಾಗಿ ಹತ್ತಲಿಲ್ಲ. ಇದು ಆಯಿತು ಎಂಬುದು ನಿಶ್ಚಿತ. ಯಾರಿಂದ ಆಯಿತು ಎಂಬುದು ಮಾತ್ರ ಕಾನೂನಿನ ಕಣ್ಣಿಗೆ ಅಗೋಚರವಾಗಿ ಉಳಿಯಿತು. ಆ ಅಗೋಚರತ್ವವು ಹೊರಟುಬಂದದ್ದು ಮನುಷ್ಯರ ಬಾಯಿಯಿಂದ.

ಈಗ ಮೊದಲನೆಯ ಶಂಕೆ. ನೊಂದವನು ಕ್ಷಮಿಸಿ ಸುಮ್ಮನಾಗಬಾರದೆ ಎಂದು ಕೇಳುವವರುಂಟು. ಹೀಗೆ ಕೇಳುವವರು ಕ್ಷಮೆಯ ಕ್ರಮವನ್ನು ಮರೆತಿದ್ದಾರೆ. ನಮ್ಮ ಶಾಸ್ತ್ರಗಳಲ್ಲಿ ಪ್ರಾಯಶ್ಚಿತ್ತದ ಭೇದಗಳನ್ನು ಹೇಳುವಾಗ ಮೊದಲನೆಯದಾಗಿ ಎಣಿಸಿರುವುದು ಆಲೋಚನೆಯನ್ನು; ಎಂದರೆ ಮಾಡಿದ ದೋಷವನ್ನು ಮುಚ್ಚದೆ ಗುರುಗಳ ಮುಂದೆ ನಿವೇದಿಸುವುದನ್ನು. ಪ್ರತಿಕ್ರಮಣ, ತಪಸ್ಸು ಮೊದಲಾದುವು ಅದರ ಅನಂತರ ಬರುತ್ತವೆ. ಆಲೋಚನೆಗೂ ಹತ್ತು ದೋಷಗಳಿವೆಯೆಂದು ಹೇಳಿ, ಬೇರೆಯವರು ಕಂಡ ತಪ್ಪನ್ನು ಮಾತ್ರ ಒಪ್ಪಿ ಕಾಣದ ತಪ್ಪನ್ನು ಅಡಗಿಸುವುದನ್ನು ಅವುಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಸರ್ವಸಂಗ ಪರಿತ್ಯಾಗಿಗಳಾದ ಮುನಿಗಳ ಸಂಘದಲ್ಲೇ ದೋಷವನ್ನು ನುಡಿಯದೆ ಶುದ್ಧಿಯಿಲ್ಲವೆಂದ ಮೇಲೆ, ಗೃಹಸ್ಥರ ಊರಿನಲ್ಲಿ ದೋಷವು ಹೊರಬರುವುದಕ್ಕೆ ಮೊದಲೇ ಕ್ಷಮೆಯನ್ನು ನಿರೀಕ್ಷಿಸುವುದು ಹೇಗೆ? ಅಪರಾಧ ಯಾರದೆಂದು ತಿಳಿಯದಿರುವಾಗ ಕ್ಷಮಿಸಬೇಕಾದುದು ಯಾರನ್ನು? ಇಂತಹ ವೇಳೆಯಲ್ಲಿ ಕ್ಷಮೆಯೆಂದು ಕೇಳುವುದು ವಾಸ್ತವವಾಗಿ ಮೌನವನ್ನು ಕೇಳುವುದಾಗಿದೆ.

ಮತ್ತೊಂದು ವಿಷಯವುಂಟು. ಕ್ಷಮಿಸುವ ಅಧಿಕಾರವು ನೊಂದವನೊಬ್ಬನದೇ. ಅವನ ಪರವಾಗಿ ಊರಿನ ಹಿರಿಯರಾಗಲಿ, ಜಾತಿಯ ಮುಖಂಡರಾಗಲಿ ಕ್ಷಮಿಸಲಾರರು. ಇನ್ನೊಬ್ಬರ ಗಂಟನ್ನು ದಾನಮಾಡಿ ಪುಣ್ಯವನ್ನು ಬಯಸಿದಂತಾಗುತ್ತದೆ ಅದು.

ನ್ಯಾಯಾಲಯಕ್ಕೆ ಹೋಗುವುದೇ ವೈರವೆಂಬುದೂ ಸರಿಯಲ್ಲ. ವೈರಿಯಾದವನು ದಂಡವನ್ನು ತನ್ನ ಕೈಯಲ್ಲಿ ಹಿಡಿಯುತ್ತಾನೆ. ನ್ಯಾಯಾಲಯಕ್ಕೆ ಹೋದವನು ತನ್ನ ಕೈಯಿಂದ ದಂಡವನ್ನು ಕೆಳಗಿಟ್ಟು, ತನಗೆ ಪರಿಚಯವಿಲ್ಲದ, ತನ್ನ ನೋವನ್ನು ಅನುಭವಿಸದ ಒಬ್ಬ ನ್ಯಾಯಾಧೀಶನ ತೀರ್ಮಾನಕ್ಕೆ ತಲೆಬಾಗುತ್ತಾನೆ. ತನ್ನ ಮಾತನ್ನು ಎದುರಾಳಿಯ ವಕೀಲನು ಪಾಟೀಸವಾಲಿಗೆ ಗುರಿಮಾಡುವುದನ್ನು ಸಹಿಸುತ್ತಾನೆ. ವಾಯಿದೆಯಿಂದ ವಾಯಿದೆಗೆ ಕೂಲಿಯನ್ನು ಬಿಟ್ಟು ಅಲೆಯುತ್ತಾನೆ. ಕೊಲೆಗೆ ಕೊಲೆಯೆಂಬ ಸರಪಳಿ ಬೆಳೆದ ಊರಿನಲ್ಲಿ ಒಬ್ಬನು ಕತ್ತಿಯ ಬದಲಿಗೆ ಅರ್ಜಿಯನ್ನು ಹಿಡಿದನೆಂದರೆ, ಕ್ರೋಧನಿಗ್ರಹದ ಅರ್ಧ ದಾರಿಯನ್ನು ಅವನು ಆಗಲೇ ನಡೆದಿದ್ದಾನೆ ಎಂದು ತಿಳಿಯಬೇಕು.

ಎರಡನೆಯ ಶಂಕೆ ಕರ್ಮಸಿದ್ಧಾಂತವನ್ನು ಕುರಿತದ್ದು. ಮಾಡಿದವನು ತನ್ನ ಕರ್ಮದ ಫಲವನ್ನು ಉಣ್ಣಲೇಬೇಕಾಗಿರುವಾಗ ಮನುಷ್ಯರ ನ್ಯಾಯವೇಕೆ? ಈ ತರ್ಕವನ್ನು ಒಪ್ಪಿದರೆ ರೋಗಿಗೆ ಔಷಧವೂ ಬೇಡ, ಹಸಿದವನಿಗೆ ಅನ್ನವೂ ಬೇಡ ಎನ್ನಬೇಕಾಗುತ್ತದೆ. ಆದರೆ ಔಷಧದಾನವನ್ನೂ ಆಹಾರದಾನವನ್ನೂ ಶ್ರಾವಕನಿಗೆ ವಿಧಿಸಿರುವುದು ಅದೇ ಸಿದ್ಧಾಂತ. ಕರ್ಮಸಿದ್ಧಾಂತವು ಕರ್ತೃವಿಗೆ ಎಚ್ಚರಿಕೆಯೇ ಹೊರತು ನೋಡುತ್ತ ನಿಂತವನ ಆಲಸ್ಯಕ್ಕೆ ಆಶ್ರಯವಲ್ಲ.

ಮೂರನೆಯದು ಇವೆರಡಕ್ಕಿಂತ ಗಟ್ಟಿಯಾದ ಶಂಕೆ. ಶಿಕ್ಷೆಯೂ ಹಿಂಸೆಯಲ್ಲವೆ? ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧ, ವಧ, ಛೇದಗಳು ಮೊದಲಿಗೇ ಬರುತ್ತವೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ ದಂಡವನ್ನು ಚಿಕಿತ್ಸೆಗೆ ಹೋಲಿಸಿದ್ದಾರೆ. ದೋಷದ ಶುದ್ಧಿಯೇ ಅದರ ಪ್ರಯೋಜನ. ಚಿಕಿತ್ಸೆಯಲ್ಲಿ ನೋವು ಉಂಟು, ಆದರೆ ನೋವೇ ಉದ್ದೇಶವಲ್ಲ. ಹಾಗೆಯೇ ನ್ಯಾಯವನ್ನು ಬೇಡುವವನು ತನ್ನ ಮನಸ್ಸನ್ನು ಪರೀಕ್ಷಿಸಿಕೊಳ್ಳಬೇಕು. ಸತ್ಯವು ಪ್ರಕಟವಾಗಲಿ, ಇಂತಹುದು ಮತ್ತೆ ನಡೆಯದಿರಲಿ ಎಂಬ ಬಯಕೆ ಒಂದು. ಅವನ ಮಕ್ಕಳೂ ನನ್ನ ಮಕ್ಕಳಂತೆ ಬೇಯಲಿ ಎಂಬ ಬಯಕೆ ಮತ್ತೊಂದು. ಎರಡೂ ಒಂದೇ ಅರ್ಜಿಯಲ್ಲಿ ಅಡಗಿರಬಹುದು. ಮೊದಲನೆಯದು ಧರ್ಮ್ಯ, ಎರಡನೆಯದು ರೌದ್ರಧ್ಯಾನ. ಆದರೆ ಈ ಪರೀಕ್ಷೆ ನೊಂದವನು ತಾನೇ ಮಾಡಿಕೊಳ್ಳತಕ್ಕದ್ದು. ಸುಡದ ಮನೆಯೊಳಗೆ ಕುಳಿತವರು ಅವನಿಗೆ ಮಾಡತಕ್ಕದ್ದಲ್ಲ.

ಇನ್ನು ಸಾಕ್ಷಿಗಳ ವಿಷಯ. ಸತ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ತತ್ತ್ವಾರ್ಥಸೂತ್ರವು ಹೇಳಿದೆ. ಕ್ರೋಧದ ತ್ಯಾಗ, ಲೋಭದ ತ್ಯಾಗ, ಭೀರುತ್ವದ ತ್ಯಾಗ, ಹಾಸ್ಯದ ತ್ಯಾಗ ಮತ್ತು ವಿಚಾರಮಾಡಿ ನುಡಿಯುವುದು. ಸುಳ್ಳು ಹುಟ್ಟುವ ಬಾಗಿಲುಗಳನ್ನು ಇಷ್ಟು ಸ್ಪಷ್ಟವಾಗಿ ಎಣಿಸಿದ ಮೇಲೆ ನ್ಯಾಯಾಲಯದ ಕಟಕಟೆಗೆ ಬೇರೆ ವ್ಯಾಖ್ಯಾನ ಬೇಕಾಗಿಲ್ಲ. ನೊಂದವನು ಕಾಯಬೇಕಾದ ಬಾಗಿಲು ಕ್ರೋಧದ್ದು. ಕ್ರೋಧದಿಂದ ಅವನು ಕಾಣದವನ ಹೆಸರನ್ನೂ ಸೇರಿಸಿಬಿಡಬಹುದು. ನೆರೆಯವನು ಕಾಯಬೇಕಾದುವು ಲೋಭ ಮತ್ತು ಭಯದ ಬಾಗಿಲುಗಳು.

ಇಲ್ಲಿ ಒಂದು ಕಠಿನ ಸ್ಥಳವಿದೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ, ಸ್ಥೂಲವಾದ ಅಸತ್ಯವನ್ನು ಮಾತ್ರವಲ್ಲದೆ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಅಣುವ್ರತಿಯು ನುಡಿಯಬಾರದೆಂಬ ಅಭಿಪ್ರಾಯವನ್ನು ಹೇಳಿದ್ದಾರೆ. ಹಾಗಾದರೆ ನನ್ನ ಮಾತಿನಿಂದ ಒಬ್ಬನು ಸೆರೆಮನೆಗೆ ಹೋಗುವುದಾದರೆ ಸುಮ್ಮನಿರುವುದೇ ವ್ರತವಲ್ಲವೆ ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಆ ವಾಕ್ಯದ ಉದ್ದೇಶದಲ್ಲೇ ಹುಡುಕಬೇಕು. ಬೇಡನಿಗೆ ಜಿಂಕೆಯ ದಾರಿಯನ್ನು ತೋರಬಾರದೆಂಬುದು ಪ್ರಸಿದ್ಧವಾದ ದೃಷ್ಟಾಂತ. ಅಲ್ಲಿ ಮೌನವು ಅಬಲವಾದ ಪ್ರಾಣಿಯನ್ನು ಕಾಯುತ್ತದೆ. ಗುಂಪುಹಿಂಸೆಯ ಮೊಕದ್ದಮೆಯಲ್ಲಿ ಮೌನವು ಕಾಯುವುದು ಯಾರನ್ನು? ಜಿಂಕೆಯನ್ನಲ್ಲ, ಬೇಡನನ್ನು. ಅಷ್ಟೇ ಅಲ್ಲ, ಆರೋಪಿಗಳಲ್ಲಿ ನಿರಪರಾಧಿಯೊಬ್ಬನಿದ್ದರೆ ಅವನಿಗೂ ಈ ಮೌನದಿಂದ ಅನ್ಯಾಯವೇ. ಕಾನೂನು ಬಿಟ್ಟರೂ ಸಂಶಯ ಅವನನ್ನು ಬಿಡುವುದಿಲ್ಲ. ಸತ್ಯವಾದ ಸಾಕ್ಷ್ಯವು ನೊಂದವನಿಗೆ ಸಲ್ಲಬೇಕಾದಷ್ಟೇ ನಿರ್ದೋಷಿಗೂ ಸಲ್ಲಬೇಕಾದ ಋಣ.

ಹಾಗೆಂದು ಪ್ರತಿಕೂಲನಾದ ಸಾಕ್ಷಿಯನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಣ ಪಡೆದು ಮಾತು ತಿರುಗಿಸಿದವನು ಬೇರೆ. ಯಾರ ಹೊಲದಲ್ಲಿ ಕೂಲಿ ಮಾಡಬೇಕೋ, ಯಾರ ಕೊಳವೆಬಾವಿಯ ನೀರನ್ನು ಕುಡಿಯಬೇಕೋ, ಯಾರ ಬೀದಿಯಲ್ಲಿ ಮಗಳು ಶಾಲೆಗೆ ನಡೆಯಬೇಕೋ ಅವರ ಎದುರಿಗೆ ಬೆರಳು ತೋರಲು ನಡುಗಿದವನು ಬೇರೆ. ಗುಜರಾತಿನ ವಡೋದರಾದಲ್ಲಿ 2002ರಲ್ಲಿ ಬೆಸ್ಟ್ ಬೇಕರಿಯಲ್ಲಿ 14 ಮಂದಿ ಸತ್ತ ಪ್ರಕರಣದಲ್ಲಿ ಮುಖ್ಯಸಾಕ್ಷಿಯಾದ ಯುವತಿ, ತನ್ನವರನ್ನೇ ಕಳೆದುಕೊಂಡವಳು, ಮಾತನ್ನು ಬದಲಿಸಿದಳು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮರುವಿಚಾರಣೆಯನ್ನು ಮಹಾರಾಷ್ಟ್ರದಲ್ಲಿ ನಡೆಸಲು ಆಜ್ಞಾಪಿಸಿತು. 2006ರಲ್ಲಿ ಮುಂಬಯಿಯಲ್ಲಿ 9 ಮಂದಿಗೆ ಶಿಕ್ಷೆಯಾಯಿತು. ಅದೇ ವರ್ಷ ಆ ಯುವತಿಗೂ ನ್ಯಾಯಾಲಯನಿಂದನೆಗಾಗಿ ಒಂದು ವರ್ಷದ ಸೆರೆವಾಸ ವಿಧಿಸಲ್ಪಟ್ಟಿತು. ಕಟಕಟೆಯಲ್ಲಿ ಸುಳ್ಳು ನುಡಿದುದು ದೋಷವೇ ಸರಿ. ಆದರೆ ಕೃತ, ಕಾರಿತ, ಅನುಮೋದಿತವೆಂಬ ಮೂರು ಬಗೆಯ ಕರ್ತೃತ್ವವನ್ನು ಕಲಿತವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಆ ಸುಳ್ಳನ್ನು ಆಡಿಸಿದವರು ಯಾರು? ಆಡಿಸುವುದನ್ನು ಕಂಡು ತಲೆದೂಗಿದವರು ಯಾರು?

ಆದುದರಿಂದ ಸತ್ಯವ್ರತದ ಬೆನ್ನಿಗೆ ಅಭಯದಾನವು ನಿಲ್ಲಬೇಕು. ನಾಲ್ಕು ದಾನಗಳಲ್ಲಿ ಅಭಯವೂ ಒಂದು. ಅದನ್ನು ಪಿಂಜರಾಪೋಲಿನ ಗೋವುಗಳಿಗೆ ಮಾತ್ರ ಮೀಸಲಿಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಸಾಕ್ಷಿ ನುಡಿದ ಕೂಲಿಯವನಿಗೆ ಕೆಲಸವನ್ನು ತಪ್ಪಿಸದಿರುವುದು, ಅಂಗಡಿಯಲ್ಲಿ ಸಾಮಾನನ್ನು ನಿಲ್ಲಿಸದಿರುವುದು, ವಾಯಿದೆಯ ದಿನ ಅವನ ಜತೆಯಲ್ಲಿ ಒಬ್ಬರು ಹೋಗಿಬರುವುದು, ಇವೆಲ್ಲ ಅಭಯದಾನವೇ. ಸರ್ಕಾರವೂ ಈ ದಿಕ್ಕಿನಲ್ಲಿ ತಡವಾಗಿಯಾದರೂ ಹೆಜ್ಜೆಯಿಟ್ಟಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯಿದೆಗೆ ಮಾಡಿದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂದು, ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ, ಪ್ರಯಾಣ ಮತ್ತು ನಿರ್ವಹಣೆಯ ವೆಚ್ಚ, ಅಗತ್ಯವಾದರೆ ಬೇರೆಡೆ ನೆಲೆ ಇವುಗಳ ಹಕ್ಕನ್ನು ಕೊಟ್ಟಿದೆ. 2018ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಕ್ಷಿರಕ್ಷಣಾ ಯೋಜನೆಯನ್ನು ಅಂಗೀಕರಿಸಿತು. ಅದರಂತೆ ಸಾಕ್ಷಿಯ ಮನವಿಯನ್ನು ಜಿಲ್ಲಾ ಸೆಷನ್ಸ್ ನ್ಯಾಯಾಧೀಶರ ನೇತೃತ್ವದ ಸಮಿತಿಯು ವಿಚಾರಿಸಬೇಕು. ಕಂಬಾಲಪಲ್ಲಿಯ ಸಾಕ್ಷಿಗಳು ಕಟಕಟೆ ಹತ್ತಿದಾಗ ಈ ತಿದ್ದುಪಡಿಯೂ ಇರಲಿಲ್ಲ, ಈ ಯೋಜನೆಯೂ ಇರಲಿಲ್ಲ.

ದೀರ್ಘಕಾಲ ಕಾದು ನ್ಯಾಯವನ್ನು ಕಂಡವರೂ ಉಂಟು. 2002ರ ಮಾರ್ಚ್ 3ರಂದು ಗುಜರಾತಿನಲ್ಲಿ ಅತ್ಯಾಚಾರಕ್ಕೊಳಗಾಗಿ, ತನ್ನ ಪುಟ್ಟ ಮಗಳನ್ನೂ ಬಂಧುಗಳನ್ನೂ ಕಳೆದುಕೊಂಡ ಬಿಲ್ಕಿಸ್ ಬಾನೊ ಅವರ ಮೊಕದ್ದಮೆ ಮುಂಬಯಿಗೆ ವರ್ಗವಾಯಿತು. 2008ರಲ್ಲಿ 11 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. 2022ರ ಆಗಸ್ಟ್ 15ರಂದು ಅವರನ್ನು ಅವಧಿಗೆ ಮುನ್ನ ಬಿಡುಗಡೆ ಮಾಡಿದಾಗ ಆಕೆ ಮತ್ತೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2024ರ ಜನವರಿ 8ರಂದು, ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಇದ್ದ ಪೀಠವು ಆ ಬಿಡುಗಡೆಯನ್ನು ರದ್ದುಗೊಳಿಸಿತು. ನಮ್ಮ ರಾಜ್ಯದಲ್ಲೇ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮೇಲೆ ನಡೆದ ಹಿಂಸೆಗೆ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಅದರ ಮೇಲ್ಮನವಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಈ ಪ್ರಕರಣಗಳಲ್ಲಿ ನೊಂದವರು ನಡೆದದ್ದು ಇಪ್ಪತ್ತು ವರ್ಷ, ಹತ್ತು ವರ್ಷಗಳ ದಾರಿ. ಇಷ್ಟು ಕಾಲ ಕೈಯೆತ್ತದೆ ಮಾತಿನಲ್ಲಿ ಮಾತ್ರ ನಿಂತ ಸಹನೆಗೆ ತಿತಿಕ್ಷೆಯೆಂಬ ಹೆಸರು ಸಲ್ಲದಿದ್ದರೆ ಮತ್ತಾವುದಕ್ಕೆ ಸಂದೀತು?

ಆದರೆ ಬಾಗಿಲು ಮುಚ್ಚಿದ ಕಡೆ ನೊಂದವನಿಗೆ ಉಳಿಯುವುದೇನು? ಕಠಿನವಾದರೂ ಹೇಳಬೇಕಾದ ಮಾತಿದು. ಅವನು ತನ್ನ ಆತ್ಮದ ಹಿತಕ್ಕಾಗಿ ವೈರವನ್ನು ಬಿಡಬಹುದು. ಅದಕ್ಕೆ ಯಾರ ತೀರ್ಪೂ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಆ ನಿರ್ಜರೆ ಅವನದು. ಆದರೆ ಅವನು ಕೊಟ್ಟ ಕ್ಷಮೆ ಊರಿಗೆ ಮುಟ್ಟುವುದಿಲ್ಲ. ಏಕೆಂದರೆ ಅದನ್ನು ಪಡೆಯಲು ಕೈಯೊಡ್ಡಿದವರು ಯಾರೂ ಇಲ್ಲ. ಸತ್ಯವನ್ನು ನುಡಿಯದ ಊರು ಕ್ಷಮೆಯಿಂದಲೂ ವಂಚಿತವಾಗುತ್ತದೆ. ಬಿಡುಗಡೆಯ ತೀರ್ಪು ಬಂದರೂ ಅದಕ್ಕೆ ಬಿಡುಗಡೆಯಿಲ್ಲ.

ನಮ್ಮಲ್ಲಿ ಮೌನವ್ರತವನ್ನು ಹಿಡಿಯುವವರಿದ್ದಾರೆ. ಮೌನವು ವ್ರತವಾಗುವುದು ನುಡಿಯಲು ಬಲ್ಲವನು ಕಷಾಯವನ್ನು ಗೆಲ್ಲಲು ನಾಲಗೆಯನ್ನು ತಡೆದಾಗ. ಭಯದಿಂದ ಮುಚ್ಚಿದ ಬಾಯಿ ವ್ರತವಲ್ಲ, ವ್ಯಾಧಿ. ಲೋಭದಿಂದ ಮುಚ್ಚಿದ ಬಾಯಿ ಪಾಪ. ಆಹಾರವನ್ನು ಬಿಟ್ಟು ಹೊಟ್ಟೆಯನ್ನು ಶುದ್ಧಗೊಳಿಸುವ ದಿನದಂದು, ಕಂಡು ನುಡಿಯದ ಸತ್ಯವೇನಾದರೂ ಎದೆಯಲ್ಲಿ ಉಳಿದಿದೆಯೆ ಎಂದು ವಾಚಕರು ವಿಚಾರಿಸಿಕೊಳ್ಳಲಿ. ಉಳಿದಿದ್ದರೆ, ಅದನ್ನು ಕೇಳಬೇಕಾದವರ ಮುಂದೆ ನುಡಿದು ಬಂದು ಪಾರಣೆ ಮಾಡಲಿ.